ದ್ರಾಕ್ಷಾಪಾಕಕ್ಕೆ ಮುನ್ನ

ಕಾವ್ಯ ಓದಿದವರಿಗೆ ದ್ರಾಕ್ಷಾಪಾಕವೆಂಬ ಮಾತು ಹೊಸದಲ್ಲ. ಒಳಗೂ ಹೊರಗೂ ರಸ ತುಳುಕುವ ಕವಿತೆಗೆ ಆಲಂಕಾರಿಕರು ಇಟ್ಟ ಹೆಸರು ಅದು. ಚಿಪ್ಪು ಒಡೆದು ರಸ ಕಾಣಬೇಕಾದ ನಾರಿಕೇಳಪಾಕಕ್ಕೆ ಎದುರಾದದ್ದು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸುತ್ತ ನಾನೂ ಹುಡುಗರಿಗೆ ಹಾಗೆಯೇ ಹೇಳಿಕೊಟ್ಟೆ. ನಿವೃತ್ತನಾಗಿ ಊರಿಗೆ ಮರಳಿ, ತಂದೆಯವರು ಬಿಟ್ಟುಹೋದ ಎರಡು ಎಕರೆ ದ್ರಾಕ್ಷಿ ಪಡಕ್ಕೆ (ವಿಜಯಪುರದ ಕಡೆ ನಾವು ದ್ರಾಕ್ಷಿ ತೋಟವನ್ನು ಪಡ ಎನ್ನುತ್ತೇವೆ) ಕೈ ಹಚ್ಚಿದ ಮೇಲೆ ನನಗೆ ಹೆಚ್ಚು ನಿಜವೆನಿಸಿದ್ದು ರಾಜಶೇಖರನ ಮಾತು. 'ಕಾವ್ಯಮೀಮಾಂಸೆ'ಯಲ್ಲಿ ಪಾಕಗಳನ್ನು ಎಣಿಸುವಾಗ ಅವನು, ಮೊದಲು ಸ್ವಾದವಿಲ್ಲದೆ ಕೊನೆಗೆ ಸ್ವಾದುವಾಗುವುದೇ ದ್ರಾಕ್ಷಿಯ ಪಾಕವೆನ್ನುತ್ತಾನೆ. ಆ ಮೊದಲಿಗೂ ಕೊನೆಗೂ ನಡುವೆ ಬರುವ ಕೆಲವು ವಾರಗಳ ವಿಷಯವನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಸವರುವುದು ಕಡ್ಡಿ ಬಲಿಯಲೆಂದು, ಅಕ್ಟೋಬರ್‌ನಲ್ಲಿ ಸವರುವುದು ಹಣ್ಣಿಗೆಂದು. ಅಕ್ಟೋಬರ್ ಚಾಟ್ನಿಯ ಬೆನ್ನಿಗೇ ಕಣ್ಣುಗಳೆಲ್ಲ ಒಮ್ಮೆಗೇ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಹಚ್ಚುವುದು ರೂಢಿ. ಮೈಗೆ ತಾಗಿದರೆ ಚರ್ಮ ಸುಡುವಂಥದು ಅದು. ಮುಂದೆ ಮಣಿ ಉದ್ದವಾಗಲೆಂದು ಗೊಂಚಲುಗಳನ್ನು ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದುತ್ತಾರೆ. ಸಾವಯವ ಪದ್ಧತಿಯಲ್ಲಿ ಎರಡಕ್ಕೂ ಎಡೆಯಿಲ್ಲ. ಹೀಗಾಗಿ ನನ್ನ ಪಡದಲ್ಲಿ ಕಣ್ಣುಗಳು ತಮಗೆ ತೋಚಿದ ದಿನ ಒಡೆದವು. ಒಂದೇ ಬಳ್ಳಿಯಲ್ಲಿ ಒಂದು ಗೊಂಚಲು ಮೆದುವಾಗಿ ಹೊಳೆಯುತ್ತಿದ್ದರೆ ಪಕ್ಕದ್ದು ಇನ್ನೂ ಹುಳಿಗಾಯಿ. ಮಣಿಯೋ, ಥಾಮ್ಸನ್ ಬೀಜರಹಿತ ತಳಿಗೆ ಹುಟ್ಟಿನಿಂದ ಬಂದಷ್ಟೇ ಗಾತ್ರ. ಅದನ್ನು ನೋಡಿ ವ್ಯಾಪಾರಿ ನಕ್ಕ. ಅವನ ನಗೆಯಲ್ಲಿ ತಪ್ಪೇನಿಲ್ಲ. ಪೇಟೆ ಕೇಳುವುದು ಹೆಬ್ಬೆರಳಿನ ತುದಿಯಷ್ಟು ದಪ್ಪದ ಹಣ್ಣನ್ನು.

ಜನವರಿಯ ನಡುವೆ ಮೂರು ದಿನ ಮೋಡ ಕವಿಯಿತು. ಮಳೆ ಬೀಳಲಿಲ್ಲ, ಬೂದಿ ರೋಗಕ್ಕೆ ಮಳೆ ಬೇಕಾಗಿಯೂ ಇಲ್ಲ, ತಂಪು ನೆರಳಿದ್ದರೆ ಸಾಕು. ಮೂರನೆಯ ದಿನ ಮಣಿಗಳ ಮೇಲೆ ವಿಭೂತಿ ಎರಚಿದಂತೆ ಬೂದಿ ಕಂಡಿತು. ಗಂಧಕಕ್ಕೆ ಅನುಮತಿಯಿದೆ, ಆದರೆ ಸುಗ್ಗಿ ಹತ್ತಿರವಿರುವಾಗ ಹೊಡೆದರೆ ಅದರ ಪುಡಿ ಹಣ್ಣಿನ ಮೇಲೇ ಉಳಿಯುತ್ತದೆ. ಸಂಜೆ ಪಕ್ಕದ ಹೊಲದ ಹಿರಿಯರು ಬದುವಿಗೆ ಬಂದು, "ಮಾಸ್ತರ್ರ, ಒಂದ ಟಾಕಿ ಔಷಧ ಹೊಡದ ಬಿಡ್ರಿ. ರಾತ್ರ್ಯಾಗ ಯಾರ ನೋಡ್ತಾರ?" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಕಳವಳವಿತ್ತು. ಸಾವಯವವೆಂದು ಪ್ರಮಾಣಪತ್ರ ಸಿಗಲು ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಕಾಯಬೇಕು. ನನಗೆ ಅದು ಮೂರನೆಯ ವರ್ಷ. ಒಂದು ಟಾಕಿ ಹೊಡೆದರೆ ಎಣಿಕೆ ಮತ್ತೆ ಸೊನ್ನೆಗೆ. ಹೊಡೆಯದಿದ್ದರೆ ಸೊಸೈಟಿಯ ಸಾಲದ ಕಂತು ಎಲ್ಲಿಂದ ಬರಬೇಕು? ಆ ರಾತ್ರಿ ನಾನು ಹೊಡೆಯಲಿಲ್ಲ. ಇದನ್ನು ನನ್ನ ಸದ್ಗುಣವೆಂದು ಯಾರೂ ಎಣಿಸಬಾರದು. ಬೆಳಗಿನವರೆಗೂ ಆ ಟಾಕಿಯ ಲೆಕ್ಕವನ್ನೇ ಹಾಕುತ್ತಿದ್ದೆ. ಬೆಳಗಾದ ಮೇಲೆ ನಾನೂ ನನ್ನ ಹೆಂಡತಿಯೂ ಕೂಲಿಯವರೂ ಸೇರಿ ಗೊಂಚಲುಗಳ ಸುತ್ತಲಿನ ಎಲೆ ಕಿತ್ತು ಗಾಳಿ ಬೆಳಕಿಗೆ ದಾರಿ ಮಾಡಿದೆವು. ಬೂದಿ ಹಿಡಿದವನ್ನು ಕತ್ತರಿಸಿ ಹೂಳಿದೆವು. ಬೂದಿಯ ಶಿಲೀಂಧ್ರವನ್ನೇ ತಿಂದು ಬದುಕುವ ಆಂಪೆಲೊಮೈಸಿಸ್ ಎಂಬ ಇನ್ನೊಂದು ಶಿಲೀಂಧ್ರವುಂಟು. ಅದನ್ನು ನೀರಿನಲ್ಲಿ ಕಲಸಿ ಸಿಂಪಡಿಸಿದೆವು. ಮರುದಿನ ಬಿಸಿಲು ಬಿದ್ದಿತು. ಎರಡು ಸಾಲು ಹೋದವು, ಉಳಿದವು ಉಳಿದವು. ಉಳಿಸಿದ್ದು ನಮ್ಮ ಕೆಲಸವೋ ಬಿಸಿಲೋ ಎಂದು ಕೇಳಿದರೆ ಬಿಸಿಲಿಗೇ ಹೆಚ್ಚು ಪಾಲು ಕೊಡುತ್ತೇನೆ.

ಸಾವಯವವೆಂದರೆ ವಿಷದ ಸೋಂಕೇ ಇಲ್ಲವೆಂದು ಪಟ್ಟಣದ ಮಿತ್ರರು ನಂಬುತ್ತಾರೆ. ಹಾಗೆ ನಂಬಿಸುವುದು ಸರಿಯಲ್ಲ. ಅಕ್ಟೋಬರ್ ಕೊನೆಯ ಮಳೆಯಲ್ಲಿ ಎಲೆಯ ಅಡಿಗೆ ಬಿಳಿಯ ತುಪ್ಪಟದಂತೆ ಬರುವ ಡೌನಿ ರೋಗಕ್ಕೆ ನಾನೂ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಹೊಡೆಯುತ್ತೇನೆ. ಅದರ ಹುಟ್ಟಿನ ಕಥೆ ಸೊಗಸಾಗಿದೆ. ಫ್ರಾನ್ಸ್‌ನ ಮೆಡಾಕ್ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಈ ನೀಲಿ ಮಿಶ್ರಣ ಎರಚುತ್ತಿದ್ದರು. 1882ರಲ್ಲಿ, ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಕಳ್ಳರಿಗೆ ಇಟ್ಟ ಹೆದರಿಕೆ ರೋಗಕ್ಕೆ ಮದ್ದಾಯಿತು. ಆದರೆ ತಾಮ್ರ ಕರಗಿ ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಕೂಡುತ್ತ ಹೋಗಿ ಎರೆಹುಳುವಿಗೆ ಕಂಟಕವಾಗುತ್ತದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ಮೀರಬಾರದೆಂದು ಮಿತಿ ಹಾಕಿದೆ. ನಾನು ಎಷ್ಟು ಹೊಡೆದೆನೆಂಬುದನ್ನು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಡುತ್ತೇನೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಣ್ಣು ಸಿಹಿಗೊಳ್ಳುವ ಹೊತ್ತಿಗೆ ಹಿಟ್ಟು ತಿಗಣೆ ಗೊಂಚಲಿನೊಳಗೆ ಸೇರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕರಿಯ ಬೂಜು ಕಟ್ಟಿದರೆ ಹಣ್ಣನ್ನು ಕೊಳ್ಳುವವರಿಲ್ಲ. ಆ ಅಂಟಿನ ಆಸೆಗೆ ಇರುವೆಗಳು ಕಾವಲು ಬೇರೆ ಕಾಯುತ್ತವೆ. ಇದಕ್ಕೆ ವೈರಿ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿ. 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದದ್ದು. ಅದನ್ನು ತರಿಸಿ ಬಿಟ್ಟಿದ್ದೆ. ಎರಡು ವಾರದ ಮೇಲೆ ನೋಡಿದರೆ ತಿಗಣೆ ಇಮ್ಮಡಿಯಾದಂತೆ ಕಂಡಿತು. ಸಿಟ್ಟಿನಿಂದ ಬಿಳಿ ಹುಳುಗಳನ್ನು ಬೆರಳಲ್ಲಿ ಹೊಸಕುತ್ತ ಹೊರಟೆ. ಅರ್ಧ ಸಾಲು ಮುಗಿದಿರಬೇಕು, ಕೂಲಿಗೆ ಬರುವ ಹಿರಿಯಾಕೆ ನನ್ನ ಕೈ ತಡೆದು, "ಇದು ಓಡ್ಯಾಡಾಕತ್ತೈತಿ ನೋಡ್ರಿ ಯಪ್ಪಾ. ಹಿಟ್ಟಿನ ಹುಳ ಹಿಂಗ ಓಡ್ಯಾಡೂದಿಲ್ಲ" ಎಂದಳು. ಬಗ್ಗಿ ನೋಡಿದೆ. ದುಂಬಿಯ ಮರಿಯೂ ತಿಗಣೆಯಂತೆಯೇ ಬಿಳಿಯ ಮೇಣದ ಎಳೆಗಳನ್ನು ಹೊದ್ದಿರುತ್ತದೆ. ಅದು ಅದರ ವೇಷ. ನಾನು ಅಷ್ಟು ಹೊತ್ತು ಕೊಂದದ್ದು ನನ್ನ ಪರವಾಗಿ ದುಡಿಯುತ್ತಿದ್ದವರನ್ನು. ಆಕೆ ಅಕ್ಷರ ಕಲಿತವಳಲ್ಲ. ಅಂದಿನಿಂದ ಪ್ರತಿ ಸಾಲನ್ನೂ ಮೊದಲು ಆಕೆ ನೋಡುತ್ತಾಳೆ, ಆಮೇಲೆ ನಾನು.

ಈಗ ಫೆಬ್ರುವರಿ. ಹನಿ ನೀರನ್ನು ಕಡಿಮೆ ಮಾಡಿದ್ದೇವೆ. ಈ ಹೊತ್ತಿನಲ್ಲಿ ನೀರು ಹೆಚ್ಚಾದರೆ ಸಿಹಿ ಇಳಿಯುತ್ತದೆ, ಮಣಿ ಬಿರಿಯುತ್ತದೆ. ನನ್ನ ಹಣ್ಣು ಹೋಗುವುದು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಅದಕ್ಕೆ ಸಕ್ಕರೆಯ ಅಂಶ 22 ಬ್ರಿಕ್ಸ್ ದಾಟಿರಬೇಕು. ನಿನ್ನೆ ಸಂಜೆ ರಸದ ಹನಿಯನ್ನು ಅಳೆಯುವ ಗಾಜಿಗೆ ಹಾಕಿ ನೋಡಿದೆ: ದಾರಿಬದಿಯ ಸಾಲು 21, ಬಾವಿಯ ಬದಿಯದು ಇನ್ನೂ 18. ಮೂರು ಸಲ ಕೊಯ್ಯಬೇಕಾದೀತು. ಕೂಲಿ ಮೂರು ಪಟ್ಟು. ಯಾವ ಗೊಂಚಲು ಸಿಹಿಯಾಗಿದೆಯೆಂದು ತಿಳಿಯಲು ಗೊರವಂಕಗಳಿಗೆ ಮಾತ್ರ ಗಾಜು ಬೇಕಿಲ್ಲ. ಬಲೆ ಕಟ್ಟುವುದು ಅರ್ಧ ಉಳಿದಿದೆ, ನಾಳೆ ಬೆಳಿಗ್ಗೆ ಅದನ್ನು ಮುಗಿಸಬೇಕು.