ಕೇರಿಯನ್ನು ಕೆಡವದೆ ಊರನ್ನು ತಿದ್ದಿದವರು



ಊರನ್ನು ತಿದ್ದುವುದೆಂದರೆ ಹಳೆಯ ಮನೆಗಳನ್ನು ಕೆಡವುವುದೆಂದೇ ಬಹುಮಂದಿ ಎಣಿಸಿರುವರು. ಬೇರೊಂದು ದಾರಿಯುಂಟೆಂದು ಮಾಡಿ ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ಸರು ಅಗ್ರಗಣ್ಯರು. 1854ರಲ್ಲಿ ಜನಿಸಿದ ಇವರು ಓದಿದ್ದು ಜೀವಶಾಸ್ತ್ರವನ್ನು. ಹಿಡಿದದ್ದು ನಗರಗಳ ವಿಚಾರವನ್ನು. ಮದುವೆಯಾದ ಹೊಸತರಲ್ಲಿಯೇ ಎಡಿನ್‌ಬರೋ ನಗರದ ಹಳೆಯ ಪೇಟೆಯಲ್ಲಿ, ಹೊಲಸು ತುಂಬಿದ ಜೇಮ್ಸ್ ಕೋರ್ಟ್ ಎಂಬ ವಠಾರದಲ್ಲಿ ಪತ್ನಿಯೊಡನೆ ಬಿಡಾರ ಹೂಡಿದರು. ನೆರೆಯವರನ್ನು ಕೂಡಿಸಿಕೊಂಡು ಕಸ ತೆಗೆದರು, ಗೋಡೆಗೆ ಸುಣ್ಣ ಬಳಿದರು, ಹೂಗಿಡ ನೆಟ್ಟರು. ಉಪದೇಶವೆಲ್ಲ ಆಮೇಲಿನದು.

1914ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇರೆಗೆ ಅವರು ಭರತಖಂಡಕ್ಕೆ ಬಂದರು. ಬಹುಕಾಲ ಕೂಡಿಹಾಕಿದ್ದ ನಕ್ಷೆ ಚಿತ್ರಪಟಗಳನ್ನು ತರುತ್ತಿದ್ದ ಹಡಗನ್ನು ಜರ್ಮನರ ಎಂಡೆನ್ ನೌಕೆಯು ಮುಳುಗಿಸಿತು. ಗೆಳೆಯರ ನೆರವಿನಿಂದ ಮತ್ತೊಂದು ಸಂಗ್ರಹವನ್ನು ಸಿದ್ಧಪಡಿಸಿಕೊಂಡರು.

ಆಗ ಪ್ಲೇಗಿನ ಕಾಲ. ಎಂಜಿನಿಯರರು ಕಾಗದದ ಮೇಲೆ ನೇರವಾದ ಗೆರೆಯೆಳೆದು, ಅದಕ್ಕೆ ಸಿಕ್ಕಿದ ಮನೆ, ಬಾವಿ, ಗುಡಿ, ಮರಗಳನ್ನೆಲ್ಲ ಕೆಡವಿ ಬೀದಿ ಮಾಡಿಸಲು ಹೊರಡುತ್ತಿದ್ದರು. ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಪಕ್ಕದ ಕೇರಿಗೆ. ಅಲ್ಲಿ ಇಕ್ಕಟ್ಟು ಇಮ್ಮಡಿಯಾಗುವುದು, ರೋಗವೂ ಹಾಗೆಯೇ. ತಂಜಾವೂರು, ಮಧುರೆಗಳ ಓಣಿಗಳಲ್ಲಿ ನಡೆದಾಡಿ ನೋಡಿದ ಗೆಡ್ಡಿಸ್ಸರು ಈ ಪದ್ಧತಿಯನ್ನೇ ಖಂಡಿಸಿದರು. ಬೀಳುವ ಸ್ಥಿತಿಯ ಒಂದೆರಡು ಮನೆಗಳನ್ನಷ್ಟೇ ತೆಗೆದು, ಆ ಜಾಗದಲ್ಲಿ ಮರ ನೆಟ್ಟು, ಓಣಿಯ ಸೊಟ್ಟನ್ನು ಇದ್ದಂತೆಯೇ ಬಿಟ್ಟರೆ ಗಾಳಿ ಬೆಳಕುಗಳು ಒಳಗೆ ಬರುವುವು, ನೆರೆಹೊರೆ ಚದರದು, ವೆಚ್ಚವೂ ಎಷ್ಟೋ ಕಡಮೆಯೆಂದು ವರದಿಯಿತ್ತರು. ವೈದ್ಯನು ಅಂಗವನ್ನು ಉಳಿಸಿಕೊಂಡು ಗಾಯವನ್ನು ಕೊಯ್ಯುವಂತೆ ಇದು.

ಇಂದೂರಿನಲ್ಲಿ ನಕ್ಷೆ ಹಿಡಿದು ತಿರುಗುವ ಈ ಮುದುಕರನ್ನು ಕಂಡು, ಪ್ಲೇಗು ತರುವವನೇ ಇವನೆಂದು ಜನ ಹೆದರಿ ಬಾಗಿಲಿಕ್ಕಿಕೊಂಡರಂತೆ. ಗೆಡ್ಡಿಸ್ಸರು ಒಂದು ದಿನದ ಮಟ್ಟಿಗೆ ಮಹಾರಾಜರ ಅಧಿಕಾರವನ್ನು ಬೇಡಿ ಪಡೆದು, ಆ ವರ್ಷದ ದೀಪಾವಳಿಯ ಮೆರವಣಿಗೆಯು ವಾಡಿಕೆಯ ಬೀದಿಯಲ್ಲಿ ಬಾರದೆ, ಹೆಚ್ಚು ಮನೆಗಳು ಶುಚಿಯಾಗಿ ದುರಸ್ತಾಗಿರುವ ಬೀದಿಯಲ್ಲಿ ಬರುವುದೆಂದು ಸಾರಿಸಿದರು. ತೇರು ಬರುವ ಬೀದಿಯನ್ನು ಜನ ತಾವಾಗಿಯೇ ಗುಡಿಸಿ ಸಾರಿಸುವರೆಂಬುದನ್ನು ಈ ಸಭೆಗೆ ತಿಳಿಸಬೇಕಾದುದಿಲ್ಲ. ಮನೆಮನೆಯ ಕಸ ಗಾಡಿಗಟ್ಟಲೆ ಹೊರಬಿದ್ದಿತು. ಮೆರವಣಿಗೆಯಲ್ಲಿ ಹೊಲಸಿನ ರಕ್ಕಸನೂ ಪ್ಲೇಗಿನ ದೊಡ್ಡ ಇಲಿಯೂ ಬಂದುವು. ಅದಕ್ಕಿಂತ ಮಿಗಿಲಾಗಿ, ಜಾಡಮಾಲಿಗಳು ಬಿಳಿಯ ಬಟ್ಟೆಯುಟ್ಟು, ಹೂಮಾಲೆ ಧರಿಸಿ ನಡೆದುಬಂದರು.

ಅವರ ವರದಿಗಳಲ್ಲಿ ಬಹುಪಾಲು ಕಪಾಟುಗಳಲ್ಲಿಯೇ ಉಳಿದುವು. ಗೆಡ್ಡಿಸ್ಸರು 1932ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ತೀರಿಕೊಂಡರು. ಎಡಿನ್‌ಬರೋದ ಜೇಮ್ಸ್ ಕೋರ್ಟ್ ಇಂದಿಗೂ ನಿಂತಿದೆ. ಅಲ್ಲಿ ಜನ ವಾಸಮಾಡಿಕೊಂಡಿದ್ದಾರೆ.