ಗಣಿತ ಗಟ್ಟಿ ಇದ್ರೆ ಸಾಕಾ? ಕಮಲಾಪುರದ ಎಂಜಿನಿಯರ್ ಮತ್ತು ಕ್ಯಾಟ್‌ನ 40 ನಿಮಿಷ

ಕಲಬುರಗಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಮಾತು ಎಂಜಿನಿಯರಿಂಗ್ ಮುಗಿಸಿ ಎಂಬಿಎ ಕಡೆ ಹೊರಟವರ ಬಗ್ಗೆ.

ನಾನು ಬಿಕಾಂ ಓದಿದವನು. ನಮ್ಮ ಕ್ಲಾಸಿನಲ್ಲಿ ಒಂದೇ ಮಾತು: "ಕ್ಯಾಟ್ ಅಂದ್ರ ಗಣಿತ, ಅದು ಎಂಜಿನಿಯರ್‌ಗಳ ಪರೀಕ್ಷೆ." ಎಂಜಿನಿಯರ್‌ಗಳಿಗೂ ಅದೇ ಧೈರ್ಯ. ಪ್ರಶ್ನೆಪತ್ರಿಕೆ ನೋಡಿದ್ರೆ ಕಥೆ ಬೇರೇನೇ ಇದೆ.

ಐಐಎಂಗಳು ನಡೆಸುವ ಈ ಪರೀಕ್ಷೆ ಎರಡು ಗಂಟೆಯದು. ಮೂರು ಭಾಗ: ಇಂಗ್ಲಿಷ್, ಡೇಟಾ ಮತ್ತು ಲಾಜಿಕ್, ಗಣಿತ. ಪ್ರತಿಯೊಂದಕ್ಕೂ 40 ನಿಮಿಷ. 2024ರಲ್ಲಿ ಇದ್ದದ್ದು 68 ಪ್ರಶ್ನೆ. ಇಂಗ್ಲಿಷ್‌ನವು 24, ಗಣಿತದವು 22. ಇಂಗ್ಲಿಷ್‌ನ ಸಮಯ ಗಣಿತಕ್ಕೆ, ಗಣಿತದ್ದು ಇಂಗ್ಲಿಷ್‌ಗೆ ಕೊಡೋ ಹಾಗಿಲ್ಲ. ಮೇಲಿಂದ, ಬಹಳಷ್ಟು ಐಐಎಂಗಳು ಪ್ರತಿ ಭಾಗಕ್ಕೂ ಬೇರೆ ಕಟ್‌ಆಫ್ ಇಡುತ್ತವೆ. ಅಂದ್ರೆ ಗಣಿತದಲ್ಲಿ ಎಷ್ಟೇ ಅಂಕ ಬಂದರೂ, ಇಂಗ್ಲಿಷ್‌ನಲ್ಲಿ ಬಿದ್ದವನನ್ನ ಅದು ಮೇಲೆತ್ತೋದಿಲ್ಲ. ಎಂಜಿನಿಯರ್ ಅಲ್ಲದವರಿಗೆ ಕೆಲವು ಐಐಎಂಗಳು ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೊಡುತ್ತವೆ, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಕಮಲಾಪುರದ ನನ್ನ ದೋಸ್ತ ಒಬ್ಬ ಮೆಕ್ಯಾನಿಕಲ್ ಮುಗಿಸಿದಾನ. ಮನೆಯಲ್ಲಿ ಅಲ್ಲಿನ ಹೆಸರುವಾಸಿ ಕೆಂಪು ಬಾಳೆಯ ತೋಟ. ಅವರಪ್ಪ ಹೇಳಿದ್ದು ಇಷ್ಟೇ: "ಒಂದ್ ವರ್ಷ ಓದು, ಆಮ್ಯಾಲೆ ಕೆಲಸ ಹುಡುಕು." ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಲೈಬ್ರರಿಯಲ್ಲಿ ಕೂತು ಓದ್ತಾನ. ಮಾಕ್ ಟೆಸ್ಟ್‌ನಲ್ಲಿ ಗಣಿತಕ್ಕೆ ಚೊಲೋ ಅಂಕ, ಇಂಗ್ಲಿಷ್ ಮಾತ್ರ ಪ್ರತಿ ಸಲ ನೆಲ ಕಚ್ಚುತ್ತಿತ್ತು. ಹತ್ತನೇ ತನಕ ಕನ್ನಡ ಮಾಧ್ಯಮ. "ಓದ್ಲಿಕ್ಕ ಬರ್ತದಲೇ, ಖರೆ ತಲಿಯೊಳಗ ಕನ್ನಡ ಮಾಡೋದ್ರಾಗ ಟೈಮ್ ಹೋಗ್ತದ" ಅಂದ.

ಈಗ ಅವನು ಗಣಿತ ಮಾಡೋದು ದಿನ ಬಿಟ್ಟು ದಿನ. ಬಸ್ಸಿನಲ್ಲಿ ದಿನಾ ಒಂದು ಇಂಗ್ಲಿಷ್ ಲೇಖನ: ಅರ್ಥಶಾಸ್ತ್ರ, ಇತಿಹಾಸ, ವಿಜ್ಞಾನ, ಯಾವುದಾದ್ರೂ ಸರಿ. ಮುಗಿದ ಮೇಲೆ ಬರೆದವರ ವಾದ ಏನು ಅಂತ ಒಂದೇ ಸಾಲಿನಲ್ಲಿ ಬರೀಬೇಕು. ಪದಕ್ಕೆ ಪದ ಅನುವಾದ ಬಂದ್. ಇನ್ನೊಂದು, ಸರಿ ಉತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆಯಲ್ಲಿ ತಪ್ಪಿದ್ರೆ 1 ಕಡಿತ. ಹಾಗಾಗಿ ತಿಳಿಯದ ಪ್ಯಾಸೇಜ್ ಬಿಡೋದನ್ನೂ ಅವನು ಪ್ರಾಕ್ಟೀಸ್ ಮಾಡ್ತಾನ. ಟೈಪ್ ಮಾಡಿ ಉತ್ತರಿಸುವ ಪ್ರಶ್ನೆಗಳಿಗೆ ಮಾತ್ರ ಕಡಿತ ಇಲ್ಲ.

ಒಂದೇ ವರ್ಷ ಕೈಯಲ್ಲಿದ್ದಾಗ ಎರಡನೇ ದಾರಿಯೂ ಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿಯಲ್ಲಿ 100 ಪ್ರಶ್ನೆ, ಅಂಕ ಕಡಿತ ಇಲ್ಲ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ ಶೇ 70, ರಾಜ್ಯದ ಬೇರೆ ಕಡೆ ಶೇ 8 ಸೀಟು ನಮ್ಮ ಭಾಗದವರಿಗೆ. ಅದಕ್ಕೆ ಎಸಿ ಆಫೀಸಿನ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡಬೇಡಿ, ಈಗಲೇ ಮಾಡಿಸಿಡಿ. ಕ್ಯಾಟ್‌ಗೆ ಈ ಮೀಸಲಾತಿ ಅನ್ವಯ ಆಗಲ್ಲ, ನೆನಪಿರಲಿ.

ನಿಮ್ಮ ಕೊನೆಯ ಮಾಕ್ ಟೆಸ್ಟ್ ತೆಗೆದು ನೋಡ್ರಿ. ಒಟ್ಟು ಅಂಕ ಬ್ಯಾಡ, ಯಾವ ಭಾಗದಲ್ಲಿ ಕಡಿಮೆ ಬಂದದ ಅಷ್ಟೇ ನೋಡ್ರಿ. ನಾಳೆ ಬೆಳಗ್ಗೆ ಮೊದಲ ತಾಸು ಅದಕ್ಕೇ ಕೊಡ್ರಿ. ಮುಂದಿನ ವಾರ ಸಿಗೋಣ.