ಮಕ್ಕಳ ವಿಜ್ಞಾನ ಯೋಜನೆಗೆ ಮಾರ್ಗದರ್ಶಿ ಯಾರು?

(ವೈಟ್‌ಫೀಲ್ಡ್ ಸುತ್ತಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2017ರಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಎದ್ದದ್ದನ್ನೂ ಈ ಭಾಗದವರು ಕಂಡಿದ್ದಾರೆ. ಈ ನೀರಿನಲ್ಲಿ ಸೊಪ್ಪು ಬೆಳೆಯುವ ರೈತನ ಮಗಳೊಬ್ಬಳು, "ಅಪ್ಪಾ, ಈ ನೀರಿನಿಂದ ನಮ್ಮ ಮಣ್ಣು ಕೆಡುತ್ತಿದೆಯೇ?" ಎಂದು ಕೇಳಿದಳು ಎನ್ನಿ. ಒಳ್ಳೆಯ ವಿಜ್ಞಾನ ಯೋಜನೆಗೆ ಇಂಥ ಪ್ರಶ್ನೆಯೇ ಬೀಜ. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವೂ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನು ತಾವೇ ಪರೀಕ್ಷಿಸಬೇಕೆಂಬುದೇ.

ಬೀಜ ಮೊಳೆಯಲು ಮಾರ್ಗದರ್ಶಿ ಬೇಕು. ಮೊದಲು ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಬೇಕು. ಅನಂತರ ಹೋಬಳಿಯ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಜಿಕೆವಿಕೆಯ ಮಣ್ಣು ವಿಜ್ಞಾನಿಗಳು ಇದ್ದಾರೆ. ಅವರಲ್ಲಿಗೆ ಹೋಗಿ "ಒಂದು ಪ್ರಾಜೆಕ್ಟ್ ಕೊಡಿ" ಎನ್ನಬಾರದು. ತನ್ನ ಪ್ರಶ್ನೆ ಏನು, ಇದುವರೆಗೆ ಕಂಡದ್ದೇನು, ಬೇಕಾದ ನೆರವೇನು ಎಂಬುದನ್ನು ಮಗು ಒಂದೇ ಪುಟದಲ್ಲಿ ಬರೆದು ಒಯ್ಯಬೇಕು.

ಒಳ್ಳೆಯ ಮಾರ್ಗದರ್ಶಿ ತಾನೇ ವರದಿ ಬರೆದುಕೊಡುವುದಿಲ್ಲ. "ಕೊಳವೆಬಾವಿ ನೀರು ಹಾಯಿಸಿದ ಅದೇ ಬಗೆಯ ಮಣ್ಣಿನ ತಾಕು ಹೋಲಿಕೆಗೆ ಇದೆಯೇ?" ಎಂದು ಕೇಳುತ್ತಾರೆ. ಪ್ರತಿ ತಾಕಿನ 10-15 ಕಡೆ, ಬದು ಮತ್ತು ಗೊಬ್ಬರದ ಗುಡ್ಡೆ ಬಿಟ್ಟು, 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿ, ನೆರಳಲ್ಲಿ ಒಣಗಿಸುವುದನ್ನು ಕಲಿಸುತ್ತಾರೆ. ಅನಂತರ ಪ್ರಯೋಗಾಲಯದಲ್ಲಿ ರಸಸಾರ, ಲವಣಾಂಶಗಳನ್ನು ಮಗುವಿನ ಕೈಯಿಂದಲೇ ಅಳೆಸುತ್ತಾರೆ.

ಫಲಿತಾಂಶ ಅಪ್ಪನ ತೋಟಕ್ಕೇ ವಿರುದ್ಧವಾಗಿ ಬಂದರೆ? ಮುಚ್ಚಿಡು ಎನ್ನುವವರು ಮಾರ್ಗದರ್ಶಿಯಲ್ಲ. ಒಂದು ಮಾದರಿ ನೋಡಿ ಊರಿನ ಸೊಪ್ಪೆಲ್ಲ ವಿಷವೆಂದು ಸಾರುವವರೂ ಅಲ್ಲ. ಲವಣಾಂಶ ಅಳೆದ ಮಾತ್ರಕ್ಕೆ ಸೊಪ್ಪಿನಲ್ಲಿ ಸೀಸವಿದೆಯೋ ಇಲ್ಲವೋ ತಿಳಿಯದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಲವಣ ಹೆಚ್ಚಾಗಿದ್ದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಹಾಯಿಸಿ ತೊಳೆಯುವ ದಾರಿಯುಂಟು. ಅಳೆದದ್ದೆಷ್ಟೋ ಅಷ್ಟನ್ನೇ ಹೇಳುವ ಧೈರ್ಯವನ್ನು ಮಗು ಕಲಿಯಬೇಕು.

ಮನೆಯಲ್ಲೂ ಒಬ್ಬ ಮಾರ್ಗದರ್ಶಿ ಇದ್ದಾನೆ. ಯಾವ ತಾಕಿಗೆ ಎಷ್ಟು ವರ್ಷ ಯಾವ ನೀರು ಹಾಯಿತು, ಯಾವ ಮಡಿಯಲ್ಲಿ ಸೊಪ್ಪು ಸೊರಗಿತು ಎಂಬುದು ಪ್ರಯೋಗಾಲಯಕ್ಕೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತು. ಮಗಳು ನೋಟುಬುಕ್ಕು ಹಿಡಿದು ಬಂದಾಗ "ನಿನಗೇಕೆ ಅದೆಲ್ಲ?" ಎಂದು ಗದರಬೇಡಿ, ಬದುವಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ನಿಮ್ಮ ಮಣ್ಣಿನ ಲೆಕ್ಕ ನಿಮ್ಮ ಮನೆಯಲ್ಲೇ ಉಳಿಯುತ್ತದೆ.